ಹಳದಿ ಹೆಲ್ಮೆಟ್ಟಿನ ಟೀಚರ್

ಗೋಣಿಬೀಡಿನ ಆಚೆ, ತೋಟಗಳ ನಡುವಿನ ನಮ್ಮ ಶಾಲೆಗೆ ಇಬ್ಬರೇ ಶಿಕ್ಷಕರು. ಹೆಡ್‌ಮಾಸ್ಟರ್ ನಾನು, ಹೆಸರು ದಯಾನಂದ. ಇನ್ನೊಬ್ಬರು ಒಂದರಿಂದ ಮೂರನೇ ತರಗತಿ ನೋಡಿಕೊಳ್ಳುವ ಸುಕನ್ಯಾ ಟೀಚರ್. ತರಗತಿಯೆಂದರೆ ಸದ್ದಿಲ್ಲದೆ ಇರಬೇಕು ಎಂದು ನಂಬಿದವನು ನಾನು. ಅವರು ಬಂದ ಮೇಲೆ ಆ ನಂಬಿಕೆಯನ್ನು ಮೂಟೆ ಕಟ್ಟಿ ಅಟ್ಟಕ್ಕೆ ಹಾಕಬೇಕಾಯಿತು.

ಒಂದು ದಿನ ಇಣುಕಿದರೆ ಮಕ್ಕಳೆಲ್ಲ ನೆಲದ ಮೇಲೆ ತೆವಳುತ್ತಿದ್ದಾರೆ.

"ಎಂತಮ್ಮ ಇದು?" ಎಂದೆ.

"ಬೆಂಕಿ ಬಿದ್ರೆ ಹೊಗೆ ಮೇಲೆ ಹೋಗ್ತದೆ ಸರ್, ನಾವು ಕೆಳಗಿರ್ಬೇಕು," ಎಂದು ಟೀಚರ್ ತಾವೂ ತೆವಳುತ್ತಲೇ ಹೇಳಿದರು. ಇಸ್ತ್ರಿ ಮಾಡಿದ ಸೀರೆ ಅದು. ನನಗೇ ಹೊಟ್ಟೆಯುರಿಯಿತು.

ಅವರು ಬೆಳೆದದ್ದು ಕುದುರೆಮುಖದಲ್ಲಿ, ಗಣಿ ನಡೆಯುತ್ತಿದ್ದ ಕಾಲದಲ್ಲಿ. ಅಪ್ಪ ಗಿಡ್ಡಪ್ಪ ಅಲ್ಲೇ ಕೆಲಸಕ್ಕಿದ್ದರು. ಪಾಳಿ ಮುಗಿಸಿ ಮನೆಗೆ ಬಂದೊಡನೆ ತಮ್ಮ ಹಳದಿ ಹೆಲ್ಮೆಟ್ ತೆಗೆದು ಮಗಳ ತಲೆಗೆ ಹಾಕುತ್ತಿದ್ದರಂತೆ. ಹೆಲ್ಮೆಟ್ ತಲೆಗೆ ಬಿತ್ತೆಂದರೆ ಅಪ್ಪ ಕ್ಷೇಮವಾಗಿ ಬಂದರು ಎಂದರ್ಥ. ಗಣಿ ಮುಚ್ಚಿತು, ಮುಂದೆ ಅಪ್ಪನೂ ತೀರಿಕೊಂಡರು. ಹೆಲ್ಮೆಟ್ ಈಗ ನಮ್ಮ ಶಾಲೆಯ ಗೋಡೆಯ ಮೊಳೆಯಲ್ಲಿದೆ, ಅದರ ಕತೆ ಮಕ್ಕಳಿಗೆಲ್ಲ ಬಾಯಿಪಾಠ. ಒಳ್ಳೆಯ ಪ್ರಶ್ನೆ ಕೇಳಿದ ಮಗುವಿಗೆ ಅದನ್ನು ಆ ದಿನವಿಡೀ ಹಾಕಿಕೊಳ್ಳುವ ಹಕ್ಕು, ಸಂಜೆ ಮಾತ್ರ ಮೊಳೆಗೇ ವಾಪಸ್. ಪಕ್ಕದೂರಿನ ಶಾಲೆಯವರು ನಾಟಕಕ್ಕೆಂದು ಕೇಳಿದಾಗ ಟೀಚರ್ ಕೊಡಲಿಲ್ಲ. ನಾನು ಹೇಳಿದರೂ ಕೊಡಲಿಲ್ಲ.

ಈ ವರ್ಷ ಮರಗಳಿಗೆ ಹಬ್ಬಿದ ಕಾಳುಮೆಣಸಿನ ಕೊಯ್ಲು ಶುರುವಾಗಿತ್ತು. ಒಂದು ಬೆಳಿಗ್ಗೆ ಬಸ್ಸಿಳಿದು ಬರುತ್ತಿದ್ದ ಟೀಚರ್ ಬೇಲಿಯಾಚೆ ನೋಡಿದರು. ಚನ್ನಕೇಶವ ಗೌಡರ ತೋಟದಲ್ಲಿ ಕೆಲಸದ ಕಲ್ಲೇಶ ಉದ್ದನೆಯ ಅಲ್ಯುಮಿನಿಯಂ ಏಣಿಯನ್ನು ನೆಟ್ಟಗೆ ನಿಲ್ಲಿಸಿಕೊಂಡೇ ಮರದಿಂದ ಮರಕ್ಕೆ ಒಯ್ಯುತ್ತಿದ್ದ. ಮೇಲೆ ಕರೆಂಟಿನ ತಂತಿ. ಏಣಿ ಮಲಗಿಸಿ ಎಂದು ಟೀಚರ್ ಬೇಲಿಯಿಂದಲೇ ಕೂಗಿಕೊಂಡರು.

"ಮಲಗಿಸಿ ಒಯ್ದ್ರೆ ಕಾಫಿ ರೆಕ್ಕೆ ಮುರೀತದೆ ಟೀಚರ್. ಗೌಡ್ರು ಸುಮ್ನೆ ಬಿಡ್ತಾರಾ?" ಎಂದು ಕಲ್ಲೇಶ ನಕ್ಕ.

ಕಾಫಿ ಗಿಡದ ಕೊಂಬೆಗೆ ನಮ್ಮ ಕಡೆ ರೆಕ್ಕೆ ಎನ್ನುತ್ತಾರೆ. ಒಂದು ಮುರಿದರೂ ಬೆಳೆಗಾರನಿಗೆ ಸಂಕಟ. ಏಣಿ ತಂತಿಗೆ ತಗುಲಿ ಸತ್ತವರ ಸುದ್ದಿ ಕೇಳುತ್ತೇವೆ, ಅಯ್ಯೋ ಪಾಪ ಎನ್ನುತ್ತೇವೆ, ಮರುದಿನ ಏಣಿ ಮತ್ತೆ ನೆಟ್ಟಗೆ. ಇದನ್ನು ನೆನೆದರೆ ನನಗೆ ಮೈಯೆಲ್ಲ ಉರಿಯುತ್ತದೆ.

ಅಂದಿನ ಪಾಠಕ್ಕೆ ಟೀಚರ್ ತಂದದ್ದು ಟಾರ್ಚಿನ ಸೆಲ್ಲು, ಪುಟ್ಟ ಬಲ್ಬು, ವೈರು. "ಇದು ಸೆಲ್ಲಿನ ಆಟ ಮಾತ್ರ. ಮನೇಲಿ ಸ್ವಿಚ್ಚಿಗೆ ಕೈ ಹಾಕಿದ್ರೆ ನೋಡಿ ಮತ್ತೆ!" ಎಂದು ಮೊದಲೇ ಗದರಿಸಿದರು. ವೈರಿನ ನಡುವೆ ಸೀಮೆಸುಣ್ಣ ಇಟ್ಟರೆ ಬಲ್ಬು ಹತ್ತಲಿಲ್ಲ. ರಬ್ಬರ್ ಚಪ್ಪಲಿ ಇಟ್ಟರೂ ಇಲ್ಲ. ಬಿಸಿಯೂಟದ ಚಮಚ ಇಟ್ಟದ್ದೇ ತಡ, ಹತ್ತಿತು! ಹೆಂಚಿನ ಮಾಡೇ ಹಾರಿಹೋಗುವಂಥ ಗಲಾಟೆ.

ಎರಡನೇ ತರಗತಿಯ ರೂಪಶ್ರೀ ಎದ್ದು ನಿಂತಳು. ಕಲ್ಲೇಶನ ಮಗಳು ಅವಳು.

"ಟೀಚರ್, ನಮ್ಮಪ್ಪನ ಏಣಿ ಇಟ್ರೆ?"

ಹೆಲ್ಮೆಟ್ ಅವಳ ತಲೆಗೇರಿತು. "ಬನ್ನಿ, ನೋಡೇ ಬಿಡಣ," ಎಂದು ಟೀಚರ್ ಎಲ್ಲರನ್ನೂ ಹೊರಡಿಸಿಕೊಂಡು ಹೊರಟರು. ಗೊಣಗುತ್ತಾ ನಾನೂ ಹಿಂದೆ ಹೋದೆ.

ತೋಟದ ಗೇಟಿನ ಬಳಿ, ತಂತಿಯಿಂದ ದೂರದಲ್ಲಿ, ಏಣಿ ನೆಲದ ಮೇಲೆ ಬಿದ್ದಿತ್ತು. ಕಲ್ಲೇಶ ಎಲೆಯಡಿಕೆ ಹಾಕುತ್ತಾ ಕೂತಿದ್ದ. ಟೀಚರ್ ವೈರಿನ ತುದಿಗಳನ್ನು ಏಣಿಯ ಎರಡು ಮೆಟ್ಟಿಲುಗಳಿಗೆ ಮುಟ್ಟಿಸಿದರು. ಬಲ್ಬು ಹತ್ತಿತು. ಮಕ್ಕಳೆಲ್ಲ ಹೋ ಎಂದರು. ರೂಪಶ್ರೀ ಮಾತ್ರ ಕೂಗಲಿಲ್ಲ. ತಲೆಯೆತ್ತಿ ದೂರದ ತಂತಿಯನ್ನು ನೋಡಿದಳು. ಆಮೇಲೆ ಹೋಗಿ ಏಣಿಯ ಮೇಲೆ ಕೂತೇಬಿಟ್ಟಳು.

"ಏಳು ಮಗಾ, ಕೆಲ್ಸ ಉಂಟು," ಎಂದ ಕಲ್ಲೇಶ.

"ಮಲಗಿಸಿ ಒಯ್ತೀನಿ ಅನ್ನು, ಏಳ್ತೀನಿ."

"ರೆಕ್ಕೆ ಮುರೀತದೆ, ಗೌಡ್ರು ಬೈತಾರೆ."

ಗದ್ದಲ ಕೇಳಿ ಗೌಡರೇ ಬಂದರು. "ಎಂತ ಮಾರಾಯ್ರೇ, ಶಾಲೆ ಇಲ್ಲಿಗೇ ಬಂತಾ?"

ರೂಪಶ್ರೀ ಕೂತಲ್ಲಿಂದಲೇ ಕೇಳಿದಳು. "ಗೌಡ್ರೇ, ಮುರಿದ ರೆಕ್ಕೆ ಮತ್ತೆ ಚಿಗುರ್ತದಾ?"

"ಚಿಗುರ್ತದೆ ಪುಟ್ಟಿ."

"ನಮ್ಮಪ್ಪ?"

ಗೌಡರು ಟೀಚರನ್ನು ನೋಡಿದರು, ತಂತಿಯನ್ನು ನೋಡಿದರು. ಆಮೇಲೆ ಪಂಚೆ ಎತ್ತಿ ಕಟ್ಟಿದರು.

"ಹಿಡಿ ಮಾರಾಯ ಆ ತುದಿ," ಎಂದು ಏಣಿಯ ಈ ತುದಿಯನ್ನು ತಾವೇ ಎತ್ತಿಕೊಂಡರು.

ಏಣಿ ಅಡ್ಡಡ್ಡ ಹೊರಟಿತು. ಲಟಕ್ ಎಂದು ರೆಕ್ಕೆ ಮುರಿದಾಗಲೆಲ್ಲ ಗೌಡರು "ಅಯ್ಯೋ" ಎನ್ನುವರು, ಹಿಂದಿನಿಂದ ಮಕ್ಕಳೂ "ಅಯ್ಯೋ!" ಎನ್ನುವರು. ಕೊನೆಗೆ ಗೌಡರೇ ನಗತೊಡಗಿದರು. ತಂತಿಯ ಹತ್ತಿರದ ಮರಗಳಿಗೆ ಲೈನ್‌ಮನ್ ಬಂದು ಕರೆಂಟು ತೆಗೆಯುವ ತನಕ ಏಣಿಯಿಡುವುದು ಬೇಡವೆಂದು ಅಲ್ಲೇ ತೀರ್ಮಾನವಾಯಿತು. ನನಗೆ ಎಷ್ಟು ಖುಷಿಯಾಯಿತೆಂದರೆ, ನಾನೂ ಒಂದು ಸಲ "ಅಯ್ಯೋ" ಎಂದೆ.

ಹಿಂದಿರುಗುವ ಹೊತ್ತಿಗೆ ರೂಪಶ್ರೀ ಹೆಲ್ಮೆಟ್ ತೆಗೆದಳು. ಅಪ್ಪನನ್ನು ಬಗ್ಗಿಸಿ ಅವನ ತಲೆಗೆ ಹಾಕಿದಳು.

"ಸಂಜೆ ಮನೆಗೆ ಬಂದು ನನ್ ತಲೆಗೆ ಹಾಕ್ಬೇಕು," ಎಂದಳು.

ನಾನು ಟೀಚರ ಮುಖ ನೋಡಿದೆ. ಕಣ್ಣು ತುಂಬಿತ್ತು, ಬಾಯಿ ನಗುತ್ತಿತ್ತು.

"ಕೊಯ್ಲು ಮುಗಿಯೋ ತನಕ ನಿಮ್ಮತ್ರನೇ ಇರ್ಲಿ ಕಲ್ಲೇಶಣ್ಣ," ಎಂದರು.

ಮರುದಿನ ಬೆಳಿಗ್ಗೆ ಟೀಚರ್ ಶಾಲೆಯ ಗೇಟಿನಲ್ಲೇ ಕಾದು ನಿಂತಿದ್ದರು.

"ಅಪ್ಪ ಹಾಕಿದ್ರಾ?"

"ಹಾಕಿದ್ರು ಟೀಚರ್," ಎಂದಳು ರೂಪಶ್ರೀ. "ಮೂಗಿನ ತನಕ ಇಳೀತು."