ಹೊಸ ವಾಲ್ವ್ ಹಾಕಿದ ರಾತ್ರಿ

ನಂಬುವುದು, ಬಿಡುವುದು ನಿಮಗೆ ಸೇರಿದ್ದು. ನಾನಂತೂ ಆ ರಾತ್ರಿ ಪರಶುರಾಮನ ಪಕ್ಕದಲ್ಲೇ ನಿಂತಿದ್ದೆ.

ಮಚ್ಛೆಯ ಒಂದು ಕಾರ್ಖಾನೆಯಲ್ಲಿ ನಾನು ಮೇಂಟೆನೆನ್ಸ್ ಎಂಜಿನಿಯರ್. ಅಲ್ಲಿ ಹಬೆಯ ಒತ್ತಡ ಇಳಿಸುವ ಹಳೆಯ ವಾಲ್ವ್ ವರ್ಷಗಟ್ಟಲೆ ಕಿರುಚುತ್ತಿತ್ತು. ಅದರ ಪಕ್ಕದಲ್ಲೇ ದುಡಿದ ಖಾನಾಪುರದ ಪರಶುರಾಮನ ಕಿವಿಗಳು, ನಾನು ಕೆಲಸಕ್ಕೆ ಸೇರುವ ಮೊದಲೇ ಪೂರ್ತಿ ಹೋಗಿದ್ದವು. ಏನು ಹೇಳಬೇಕಾದರೂ ಭುಜ ತಟ್ಟಿ ಕೈಸನ್ನೆ ಮಾಡಬೇಕು.

ರಾತ್ರಿ ನಿದ್ದೆಯಿಲ್ಲವೆಂದು ಪಕ್ಕದೂರು ಪೀರನವಾಡಿಯವರು ತಕರಾರು ಮಾಡಿದ ಮೇಲೆ ಹೊಸ ವಾಲ್ವ್ ಬಂತು. ಹಬೆ ಒಮ್ಮೆಲೇ ನುಗ್ಗದೆ, ಸಣ್ಣ ಸಣ್ಣ ತೂತುಗಳಲ್ಲಿ ಹಾದು ಹಂತ ಹಂತವಾಗಿ ಒತ್ತಡ ಕಳೆದುಕೊಳ್ಳುವಂಥದ್ದು. ಕೂರಿಸಿ ಬೋಲ್ಟ್ ಬಿಗಿದವನು ನಾನೇ. ಊರು ಮಲಗಿದ ಮೇಲೆ ಸದ್ದು ಅಳೆಯಬೇಕಿತ್ತು.

ಹಬೆ ಬಿಟ್ಟೆವು... ಕಿರುಚಾಟವಿಲ್ಲ. ಬರೀ ಸುಂಯ್ ಎನ್ನುವ ಸಣ್ಣ ಸದ್ದು. ಬಿಸಿ ಕಬ್ಬಿಣದ, ಸುಟ್ಟ ಎಣ್ಣೆಯ ವಾಸನೆ. ಆ ಕೋಣೆಯಲ್ಲಿ ಮೊದಲ ಸಲ ನನ್ನ ಉಸಿರು ನನಗೇ ಕೇಳಿಸಿತು.

ವಾಲ್ವಿನ ಮೇಲೆ ಬಗ್ಗಿದ್ದ ಪರಶುರಾಮ ಫಕ್ಕನೆ ತಲೆಯೆತ್ತಿ ಬಾಗಿಲ ಕಡೆ ನೋಡಿದ.

"ಆಲೊ... ಆಲೊ..."

ಬಂದೆ, ಬಂದೆ ಎಂದು ಮರಾಠಿಯಲ್ಲಿ ಓಗೊಡುತ್ತ ಹೊರಗೆ ನಡೆದೇಬಿಟ್ಟ.

"ಪರಶುರಾಮ, ಎಲ್ಲಿ ಹೊಂಟಿ?" ಕೂಗಿದೆ. ಅವನಿಗೆ ಕೇಳಿಸದೆಂದು ನೆನಪಾಗಿ ಹಿಂದೆಯೇ ಓಡಿದೆ. ಹೊಸ್ತಿಲು ದಾಟಿದ್ದೆವಷ್ಟೆ... ಢಮ್ ಎಂದಿತು. ನಾನು ಬಿಗಿದಿದ್ದ ಜೋಡಣೆ ಸಿಡಿದು ಕೋಣೆಯೆಲ್ಲ ಬೆಳ್ಳಗಿನ ಹಬೆ. ನಾವು ನಿಂತಿದ್ದ ಜಾಗವೇ ಕಾಣುತ್ತಿರಲಿಲ್ಲ.

ಓಡಿಹೋಗಿ ಹೊರಗಿನ ಮುಖ್ಯ ವಾಲ್ವ್ ಮುಚ್ಚಿದೆ. ಯಾಕೆ ಹೊರಗೆ ಬಂದೆ ಎಂದು ಅವನನ್ನು ಸನ್ನೆಯಲ್ಲೇ ಕೇಳಿದೆ.

"ನೀವ ಕರದ್ರಲ್ರೀ ಸಾಹೇಬ್ರ. ಗೇಟಿನ ಬಾಜೂಕ ನಿಂತು."

ನಾನು ನಿನ್ನ ಪಕ್ಕದಲ್ಲೇ ಇದ್ದೆನೆಂದು ತೋರಿಸಿದೆ. ಅವನು ಖಾಲಿ ಗೇಟನ್ನು ನೋಡಿದ, ನನ್ನನ್ನು ನೋಡಿದ.

"ಖರೇ ಹೇಳಬೇಕಂದ್ರ... ನಿಮ್ಮ ದನಿ ನಾ ಎಂದೂ ಕೇಳೇ ಇಲ್ರಿ," ಎಂದು ಪಿಸುಗುಟ್ಟಿದ. "ಆದ್ರ ಗುರ್ತು ಹತ್ತಿತು."

ಜೋಡಣೆಯನ್ನು ಬೇರೆಯವರ ಕೈಯಿಂದ ಮಾಡಿಸಿದೆವು. ವಾಲ್ವ್ ಈಗ ಸದ್ದಿಲ್ಲದೆ ನಡೆಯುತ್ತಿದೆ. ಪರಶುರಾಮ ಮಾತ್ರ ಕೆಲಸ ಬಿಟ್ಟ. ಹೋದ ತಿಂಗಳು ಖಾನಾಪುರದ ಅವನ ಮನೆಗೆ ಹೋಗಿ, ಆ ದನಿ ಮತ್ತೆ ಕೇಳಿಸಿತೇ ಎಂದು ಮೊಬೈಲಿನಲ್ಲಿ ಬರೆದು ತೋರಿಸಿದೆ.

"ದಿನಾ ಕೇಳಸ್ತೈತ್ರಿ. ಓ ಅನ್ನೂ ತನಕಾ ಬಿಡೂದಿಲ್ಲ."

ಏನನ್ನುತ್ತದೆ, ಎಂದು ಬರೆದೆ.

ಅವನು ನನ್ನ ಮುಖ ನೋಡಲಿಲ್ಲ.

"ಸಾಹೇಬ್ರು ಎಲ್ಲಿ ಇರ್ತಾರ ಅಂತ ಕೇಳಾಕತ್ತೈತ್ರಿ... ನಿಮ್ಮ ದನೀಲೇ."

ನೀನೇನು ಹೇಳಿದೆ ಎಂದು ಬರೆಯಲು ನನಗೆ ಧೈರ್ಯವಾಗಲಿಲ್ಲ.