ಎರಡು ಖಾನಾವಳಿಗಳ ನಡುವಿನ ಮೇಷ್ಟ್ರು

ನಮ್ಮ ಇತಿಹಾಸದ ಮೇಷ್ಟ್ರ ಎಡಹುಬ್ಬು ಸದಾ ಬೆಳ್ಳಗಿರುತ್ತಿತ್ತು. ವಾದ ಎಲ್ಲಾದರೂ ಸಡಿಲವಾಯಿತು ಅನಿಸಿದರೆ ಸೀಮೆಸುಣ್ಣ ಹಿಡಿದ ಕೈಯಲ್ಲೇ ಹುಬ್ಬು ತಿಕ್ಕಿಕೊಳ್ಳುವುದು ಅವರ ರೂಢಿ. ದಾವಣಗೆರೆ ಕಾಲೇಜಿನ ಚರ್ಚಾಸ್ಪರ್ಧೆಗೆ ನನ್ನನ್ನು ತಯಾರು ಮಾಡಿದವರು ಅವರೇ. ಮಾತಾಡುವಾಗ ನಾನು ನೋಡುತ್ತಿದ್ದದ್ದು ಆ ಹುಬ್ಬನ್ನೇ.

ಅವರ ವಾಸ ಹರಿಹರದಲ್ಲಿ, ಒಂದು ಕೋಣೆ. ಮನೆಯವರೆಂದು ಯಾರೂ ಇರಲಿಲ್ಲ. ಎರಡು ಹೊತ್ತಿನ ಊಟ ದಾವಣಗೆರೆ ಸ್ಟೇಷನ್ನಿನ ಹತ್ತಿರದ ಖಾನಾವಳಿಯಲ್ಲಿ. ಅದನ್ನು ನಡೆಸುತ್ತಿದ್ದ ಅಣ್ಣತಮ್ಮಂದಿರು ಜಗಳವಾಡಿ ನಡುವೆ ಗೋಡೆ ಎಬ್ಬಿಸಿದಾಗ ಗಿರಾಕಿಗಳೆಲ್ಲ ಯಾವುದಾದರೊಂದು ಕಡೆ ಸೇರಿಕೊಂಡರು. ಮೇಷ್ಟ್ರು ಮಾತ್ರ ಮಧ್ಯಾಹ್ನ ಅಣ್ಣನಲ್ಲಿ, ಸಂಜೆ ತಮ್ಮನಲ್ಲಿ. ಅಮಾವಾಸ್ಯೆಗೆ ಎರಡೂ ಕಡೆ ಹೋಳಿಗೆ. ಎರಡೂ ಕಡೆ ಅರ್ಧ ಹೊಟ್ಟೆ ಉಂಡು ಏಳುತ್ತಿದ್ದರು. ಯಾವ ಕಡೆಯವರೂ ಅವರ ಪಕ್ಕ ಕೂತು ಮನಸ್ಸು ಬಿಚ್ಚುತ್ತಿರಲಿಲ್ಲ. ತಮ್ಮ ಮಾತ್ರ ಸಂಜೆ ತಟ್ಟೆ ಎತ್ತುತ್ತಾ, “ರೈಲಿಗೆ ಇನ್ನೂ ಹೊತ್ತೈತ್ರಿ, ಕೂಡ್ರಿ ಮೇಷ್ಟ್ರೆ” ಅನ್ನುತ್ತಿದ್ದ.

ಒಂದು ಸಂಜೆ ಅಣ್ಣ ಇಬ್ಬರಿಗೂ ಸೇರಿದ್ದ ಹಿತ್ತಲ ಬಾವಿಯ ಬಾಗಿಲಿಗೆ ಬೀಗ ಜಡಿದ. ತಮ್ಮನ ಕಡೆ ಕೈ ತೊಳೆಯಲೂ ನೀರಿಲ್ಲ. ಮೇಷ್ಟ್ರು ಎಂಜಲು ಕೈಯಲ್ಲೇ ಹೋಗಿ ಅಣ್ಣನ ಮುಂದೆ ನಿಂತು ಬೀಗ ತೆಗೆಯಲು ಹೇಳಿದರು.

“ಇದು ನಮ್ಮನಿ ಜಗಳ. ನಿಮಗ್ಯಾಕ್ರಿ ಮೇಷ್ಟ್ರೆ?” ಎಂದ ಅವನು.

ಮರುದಿನದಿಂದ ಅವರ ಎರಡೂ ಊಟ ತಮ್ಮನಲ್ಲೇ ಆಯಿತು.

ಆಗ ನಾವು ತಯಾರಿ ನಡೆಸಿದ್ದ ವಿಷಯವೂ ಅಂಥದ್ದೇ: ಮೊದಲ ಮಹಾಯುದ್ಧದಲ್ಲಿ ದೂರ ನಿಂತಿದ್ದ ಅಮೆರಿಕ ಕೊನೆಗೆ ಯಾಕೆ ಇಳಿಯಿತು? ಜರ್ಮನಿಯವರು ಅದರ ಹಡಗು ಮುಳುಗಿಸಿದರು, ಅದಕ್ಕೇ ಇಳಿಯಿತು, ನೀತಿಗೀತಿ ಎಲ್ಲ ಆಮೇಲೆ ತೊಡಿಸಿದ ಅಂಗಿ ಎಂಬುದು ನನ್ನ ವಾದ. ಅಷ್ಟಕ್ಕೇ ಬಿಡಲಿಲ್ಲ. “ನಿಮ್ಮದೂ ಅಷ್ಟೇ ಸಾರ್. ಅವರಿಗೆ ಹಡಗು, ನಿಮಗೆ ಒಂದು ತಂಬಿಗೆ ನೀರು.”

ಮೇಷ್ಟ್ರು ನಕ್ಕರು. ಹುಬ್ಬು ಮುಟ್ಟಲಿಲ್ಲ.

“ಹಡಗು ಬರೀ ನೆಪನಪ್ಪ. ಅಮೆರಿಕದ ಮಾಲು, ಸಾಲ ಎಲ್ಲಾ ಅದಕ್ಕೂ ಮೊದ್ಲೇ ಒಂದೇ ದಡಕ್ಕೆ ಹೋಗ್ತಿತ್ತು. ನಾನೂ ಮಧ್ಯಾಹ್ನ ಉಂಡು ಎದ್ದುಬಿಡ್ತಿದ್ದೆ, ಸಂಜೆ ಕೂಡ್ತಿದ್ದೆ. ಯಾವಾಗ್ಲೋ ವಾಲಿದ್ದೆ, ನನಗೇ ಗೊತ್ತಿರಲಿಲ್ಲ.”

ಆಮೇಲೆ ಅಣ್ಣನ ಮಗಳ ಮದುವೆ ಬಂತು. ಅಣ್ಣತಮ್ಮಂದಿರು ಒಂದಾದರು, ಗೋಡೆ ಬಿತ್ತು. ಜಗಳದ ಗುರುತಾಗಿ ಉಳಿದವರು ಮೇಷ್ಟ್ರೊಬ್ಬರೇ. ಅಣ್ಣ ಅವರನ್ನು ಕಂಡರೆ ಮುಖ ತಿರುಗಿಸುತ್ತಿದ್ದ. ತಮ್ಮನೋ, ಒಂದು ಸಂಜೆ ಅವರು ಮಜ್ಜಿಗೆಗೆ ಕೈಚಾಚುವ ಮೊದಲೇ, “ರೈಲಿಗೆ ಹೊತ್ತಾತೇನ್ರಿ ಮೇಷ್ಟ್ರೆ” ಎಂದ. ಅವರು ಮತ್ತೆ ಅಲ್ಲಿಗೆ ಹೋಗಲಿಲ್ಲ. ಹರಿಹರದ ಕೋಣೆಯಲ್ಲೇ ಸ್ಟೋವ್ ಹಚ್ಚಿಕೊಂಡರು.

ಆ ಚಳಿಗಾಲ ಕಳೆಯುವ ಮೊದಲೇ ತೀರಿಕೊಂಡರು.

ಕೊನೆಯ ಸಲ ಆ ಕೋಣೆಗೆ ಹೋದಾಗಲೂ ನನ್ನ ಬಾಯಿ ಸುಮ್ಮನಿರಲಿಲ್ಲ. ಸಂಧಿಯಾದ ಮೇಲೆ, ಪರರ ಯುದ್ಧಕ್ಕೆ ಇಳಿದವನು ಎಲ್ಲಿಗೆ ಹೋಗಬೇಕು ಸಾರ್ ಎಂದು ಕೇಳಿದೆ. ಅವರು ಹುಬ್ಬು ತಿಕ್ಕಿಕೊಂಡರು. ಕೈಯಲ್ಲಿ ಸುಣ್ಣವಿರಲಿಲ್ಲ. ನಾನು ಎದ್ದೆ.

“ದಾವಣಗೆರೆ ರೈಲಿಗೆ ಇನ್ನೂ ಹೊತ್ತೈತೆ, ಕೂಡು” ಎಂದರು.

ಆ ರೈಲು ಕೂಗಿದ್ದು ಇಬ್ಬರಿಗೂ ಕೇಳಿಸಿತ್ತು. ನಾನು ವಾದಿಸಲಿಲ್ಲ. ಕೂತೆ.