ಉರುಫ್ ಸರೋಜಿನಿ

ತೊಗರ್ಸಿಯ ಮಲ್ಲಿಕಾರ್ಜುನನನ್ನು ನಂಬಿದ ಅಣ್ಣತಮ್ಮಂದಿರಿಗೆ, ಅಕ್ಕತಂಗಿಯರಿಗೆ ಶರಣು. ದೇವರ ಕೃಪೆಯನ್ನು ಬಾಯಾರೆ ಹೇಳಬೇಕು ಅನ್ನುತ್ತಾರೆ. ನಾನು ಬರೆದು ಹೇಳುತ್ತಿದ್ದೇನೆ, ಯಾಕೆಂದರೆ ನನ್ನ ದನಿ ಹೋಗಿ ಎರಡು ವರ್ಷವಾಯಿತು.

ನಾನು ಶಿರಾಳಕೊಪ್ಪದವನು, ವಕೀಲ. ಕಂಪನಿಗಳ ಷೇರು, ವ್ಯಾಪಾರದ ಕರಾರು, ಅವುಗಳ ಮೇಲಿನ ತಕರಾರು, ಇಷ್ಟನ್ನೇ ಇಪ್ಪತ್ತೇಳು ವರ್ಷ ಬೆಂಗಳೂರಿನ ಕೋರ್ಟುಗಳಲ್ಲಿ ನಡೆಸಿದೆ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅಂತ ಗಾದೆ. ನಮ್ಮ ಕಸುಬಿನಲ್ಲಿ ಮಾತು ಬಲ್ಲವನಿಗೆ ಜಗಳವೇ ಊಟ. ನಾನು ಹೊಟ್ಟೆ ತುಂಬ ಉಂಡೆ.

ಆಮೇಲೆ ಕೊರಳಲ್ಲಿ ಗಂಟು ಎದ್ದಿತು. ಆಪರೇಷನ್ ಆಯಿತು. ಗಂಟು ದನಿಯ ನರವನ್ನೇ ಸುತ್ತಿಕೊಂಡಿತ್ತು. "ಜೀವ ಉಳಿಸೋಕೆ ಆ ನರ ತೆಗೀಲೇಬೇಕಾಯ್ತು" ಎಂದರು ಡಾಕ್ಟರು. ಅವರ ತಪ್ಪಲ್ಲ. ಆರು ತಿಂಗಳು ದನಿಯ ವ್ಯಾಯಾಮ ಮಾಡಿದೆ, ಬಾಯಿಂದ ಗಾಳಿ ಬಂತೇ ಹೊರತು ಮಾತು ಬರಲಿಲ್ಲ. ನನ್ನ ಕಡತಗಳು ಒಂದೊಂದಾಗಿ ಬೇರೆಯವರ ಮೇಜಿಗೆ ಹೋದವು. ಒಂದು ಮಧ್ಯಾಹ್ನ ಆಫೀಸಿನ ಬಾಗಿಲು ಹಾಕಿಕೊಂಡು ಅತ್ತೆ. ಅಳುವುದಕ್ಕೂ ದನಿ ಇರಲಿಲ್ಲ.

ಊರಿಗೆ ಬಂದೆ. ಅವ್ವ, "ಐದು ಸೋಮವಾರ ತೊಗರ್ಸಿಗೆ ನಡ್ಕೊಳ್ಳೋಣ ಬಾರಪ್ಪ" ಎಂದಳು. ಪ್ರತಿ ಸೋಮವಾರ ಬೆಳಗಿನ ಬಸ್ಸಿಗೆ ಹೋಗುತ್ತಿದ್ದೆವು. ಕಲ್ಲುಕಂಬಕ್ಕೆ ಒರಗಿ ಕೂತು ಒಂದೇ ಬೇಡುತ್ತಿದ್ದೆ: ನನ್ನ ದನಿ ನನಗೆ ಕೊಡು.

ಮೂರನೇ ಸೋಮವಾರ ಅರ್ಚಕರು ಪೂಜೆಗೆ ಹೆಸರು ಕೇಳಿದರು. ಅವ್ವ ನನ್ನ ಹೆಸರು ಹೇಳಿ, "ನಂದು ಬಸಮ್ಮ, ನೀಲಮ್ಮ. ಎರಡೂ ಹೇಳ್ರಿ" ಎಂದಳು.

"ಒಬ್ರಿಗೆ ಎರಡು ಹೆಸರು ಯಾಕವ್ವ?"

"ನೀಲಮ್ಮ ಅಂತ ಅಪ್ಪ ಇಟ್ಟಿದ್ರಿ. ಮದುವ್ಯಾಗ ಅಕ್ಕಿ ಮ್ಯಾಲೆ ಬಸಮ್ಮ ಅಂತ ಬರಸಿದ್ರು. ಹಳೇ ಹೆಸರು ಈಗ ಯಾರೂ ಕರಿಯಂಗಿಲ್ಲ, ದೇವರಾದ್ರೂ ಕೇಳ್ಲಿ."

ನಾಲ್ಕು ವರ್ಷದ ಹಿಂದಿನ ಒಂದು ಕೇಸು ಕಣ್ಣೆದುರು ಬಂದು ನಿಂತಿತು.

ಹೊಸಬಾಳೆಯ ಗಂಗಮ್ಮ ಎಂಬ ವಿಧವೆ. ಆಕೆಯ ಗಂಡ ಪ್ರೈಮರಿ ಶಾಲೆಯ ಮೇಷ್ಟ್ರು. ಒಂದು ಕಂಪನಿಯ ಷೇರು ಕೊಂಡು, ತನ್ನ ನಂತರ ಅದು ಹೆಂಡತಿಗೆ ಸೇರಲಿ ಎಂದು ಬರೆದಿಟ್ಟು ತೀರಿಕೊಂಡಿದ್ದರು. ಆದರೆ ಬರೆದದ್ದು 'ಪತ್ನಿ ಸರೋಜಿನಿ' ಎಂದು. ಆಕೆಯ ಬಳಿ ಇದ್ದ ಕಾಗದಗಳಲ್ಲೆಲ್ಲ ಗಂಗಮ್ಮ. ನಾನು ಕಂಪನಿಯ ವಕೀಲ. "ಪಹಣಿಯಲ್ಲಾದರೂ 'ಗಂಗಮ್ಮ ಉರುಫ್ ಸರೋಜಿನಿ' ಅಂತ ಇದೆಯೇ? ಉರುಫ್ ಇಲ್ಲದ ಮೇಲೆ ಇಬ್ಬರೂ ಬೇರೆ ಬೇರೆ" ಎಂದು ವಾದಿಸಿದೆ. ಗೆದ್ದೆ. ಹೊರಗೆ ಆಕೆ ನನ್ನನ್ನು ತಡೆದು, "ನಿಮ್ಮ ಮಾತು ಕೇಳಿದ್ರೆ ನಮ್ಮ ಕಡೆಯೋರೇ ಅನ್ಸುತ್ತೆ. ಮದುವೇಲಿ ಹೆಸರು ಬದಲಾಯಿಸ್ತಾರೆ ಅಂತ ನಿಮಗೆ ಗೊತ್ತಿಲ್ವೇನ್ರೀ?" ಎಂದು ಕೇಳಿದ್ದರು.

ಗೊತ್ತಿತ್ತು. ಹಡೆದವಳಿಗೇ ಎರಡು ಹೆಸರಿರುವ ನನಗೆ ಗೊತ್ತಿಲ್ಲದೆ ಏನು? ಕೈಗಡಿಯಾರ ನೋಡಿಕೊಂಡು ಲಿಫ್ಟಿನ ಕಡೆ ನಡೆದಿದ್ದೆ.

ತೊಗರ್ಸಿಯಿಂದ ಬಂದ ದಿನವೇ ಆ ಕಂಪನಿಗೆ ಪತ್ರ ಬರೆದೆ. ನಮಗೇನೂ ಹಟವಿಲ್ಲ, ದಾಖಲೆ ಸಿಕ್ಕರೆ ಷೇರು ಆಕೆಯ ಹೆಸರಿಗೆ ಮಾಡುತ್ತೇವೆ, ನೀವೇ ಹೋಗಿ ನೋಡಿ ಎಂದು ಉತ್ತರ ಬಂತು. ಸೊರಬಕ್ಕೆ ಹೋಗಿ ಬಸ್ಸು ಬದಲಿಸಿ ಹೊಸಬಾಳೆಯಲ್ಲಿ ಇಳಿದೆ. ಹೇಳಬೇಕಾದದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಜೇಬಿನಲ್ಲಿ ಇಟ್ಟುಕೊಂಡಿದ್ದೆ.

ಗಂಗಮ್ಮ ಜಗುಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ತುಂಬ ಇಳಿದುಹೋಗಿದ್ದರು. ಪಕ್ಕದಲ್ಲಿ ಅವರ ಮೈದುನ ರುದ್ರಪ್ಪ ಕೂತಿದ್ದ. ಗಂಗಮ್ಮ ನನ್ನ ಗುರುತು ಹಿಡಿದರೂ ಕೂರಿ ಅನ್ನಲಿಲ್ಲ. ನಾನು ಹಾಳೆ ಚಾಚಿದೆ. ರುದ್ರಪ್ಪ ಕೈ ನೀಡಿದ. ಅವರು ಅವನನ್ನು ತಡೆದರು.

"ನಂಗೆ ಓದಕ್ಕೆ ಬರಲ್ಲ. ಅವತ್ತು ಕೋರ್ಟಲ್ಲಿ ಬರ್ದಿದ್ದೂ ಓದಕ್ಕೆ ಬರ್ಲಿಲ್ಲ. ಸರೋಜಿನಿ ಬೇರೆ ಅಂತ ಕೋರ್ಟೇ ಹೇಳಿದ್ ಮೇಲೆ, ಮೇಷ್ಟ್ರಿಗೆ ಇನ್ನೊಬ್ಳು ಇದ್ಲು ಅಂತ ಊರೆಲ್ಲ ಆಡ್ಕೊಂಡ್ರು. ಈ ರುದ್ರಣ್ಣನೂ ಅಂದ. ನನ್ನ ಹುಟ್ಟಿದ ಹೆಸರಿಂದ ಕರೀತಿದ್ದೋರು ಅವ್ರೊಬ್ರೇ ಕಣ್ರೀ, ಅದೂ ಮನೆ ಒಳಗೆ. ನಾಕು ವರ್ಷ ಆಯ್ತು, ಅವ್ರ ಸಮಾಧಿ ಹತ್ರ ಹೋಗಿಲ್ಲ. ಅವ್ರ ಸರೋಜಿನಿ ನಾನಲ್ಲ ಅಂದ್ಮೇಲೆ ಯಾವ ಮುಖ ಇಟ್ಕೊಂಡು ಹೋಗ್ಲಿ? ಏನಿದ್ರೂ ಬಾಯಲ್ಲಿ ಹೇಳಿ."

ಷೇರಿನ ಮಾತೇ ಅವರು ಎತ್ತಲಿಲ್ಲ. ನಾನು ಗೆದ್ದದ್ದು ಒಂದು ಕೇಸನ್ನು ಮಾತ್ರ ಅಂದುಕೊಂಡಿದ್ದೆ. ಅವರ ಗಂಡನನ್ನೇ ಅವರಿಂದ ಕಿತ್ತುಕೊಂಡಿದ್ದೆ.

ಬಾಯಿ ತೆರೆದೆ. ಗಾಳಿ ಬಂತು. ಮಲ್ಲಿಕಾರ್ಜುನ, ಕೋರ್ಟಿಗೆ ಬೇಡ, ಇಲ್ಲಿಗೆ ಸಾಕು ಎಂದು ಮನಸ್ಸಿನಲ್ಲೇ ಅಂದುಕೊಂಡು ಮತ್ತೆ ತೆರೆದೆ. ಹರಿದ ಬಟ್ಟೆಯಂಥ ದನಿಯೊಂದು ಹೊರಟಿತು.

"ಸರೋಜಿನಿ ನೀವೇ, ತಾಯಿ. ನನಗೆ ಅವತ್ತೇ ಗೊತ್ತಿತ್ತು. ಗೊತ್ತಿದ್ದೂ ಸುಳ್ಳು ಮಾಡಿದೆ. ತಪ್ಪಾಯ್ತು."

ಗಂಗಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ರುದ್ರಪ್ಪ ಎದ್ದು ತನ್ನ ಮನೆಗೆ ಹೋಗಿ ಒಂದು ಹಳದಿಗಟ್ಟಿದ ಲಗ್ನಪತ್ರಿಕೆ ತಂದ. "ಅವ್ವನ ಪೆಟ್ಟಿಗೆ ತಳದಲ್ಲಿತ್ತು, ಅತ್ತಿಗೆ. ನಾ ಬಿಚ್ಚಿ ನೋಡಿರ್ಲಿಲ್ಲ" ಎಂದ. ವರನ ಹೆಸರಿನ ಪಕ್ಕ ಅಚ್ಚಾಗಿತ್ತು: ಚಿ. ಸೌ. ಸರೋಜಿನಿ.

ಮರುದಿನ ಅವರು ಸಮಾಧಿಗೆ ಹೂ ಇಟ್ಟು ಬಂದರಂತೆ. ಷೇರು ಅವರ ಹೆಸರಿಗಾಯಿತೆಂಬ ಕಂಪನಿಯ ಪತ್ರ ಎರಡು ತಿಂಗಳಿಗೆ ಬಂತು. ಅದು ಬಂದ ಇಪ್ಪತ್ತು ದಿನಕ್ಕೆ ಗಂಗಮ್ಮ ಶಿವೈಕ್ಯರಾದರು. ಕಾಯಿಲೆ ಮೊದಲೇ ಇತ್ತಂತೆ, ಯಾರಿಗೂ ಹೇಳಿರಲಿಲ್ಲ. ಆ ನಾಲ್ಕು ವರ್ಷವನ್ನು ಅವರಿಗೆ ತಿರುಗಿ ಕೊಡುವುದು ನನ್ನಿಂದಾಗಲಿಲ್ಲ. ಇದನ್ನು ನೆನೆದು ಈಗಲೂ ಅಳುತ್ತೇನೆ.

ಡಾಕ್ಟರು ನನ್ನ ದನಿ ಇಷ್ಟೇ ಎಂದಿದ್ದಾರೆ. ಅದರಲ್ಲಿ ಕೋರ್ಟು ನಡೆಯುವುದಿಲ್ಲ. ಆದರೂ ನನ್ನ ಪ್ರಾರ್ಥನೆ ಫಲಿಸಿತು ಎಂದೇ ಸಾರುತ್ತೇನೆ. ಎಲ್ಲಿ ಮಾತು ಬೇಕಿತ್ತೋ ಅಲ್ಲಿ ಮಲ್ಲಿಕಾರ್ಜುನ ಕೊಟ್ಟ. ಅವನಿಗೆ ನನ್ನ ಅನಂತ ಶರಣು.

ಅವರು ತೀರಿಕೊಂಡ ಮೇಲಿನ ಶಿವಗಣಾರಾಧನೆಯ ಪತ್ರಿಕೆಯನ್ನು ರುದ್ರಪ್ಪ ಕೈಯಾರೆ ತಂದುಕೊಟ್ಟ. ಈಗಲೂ ಅದು ನಮ್ಮ ದೇವರ ಜಗುಲಿಯ ಮೇಲಿದೆ. ಲಿಂಗೈಕ್ಯ ಗಂಗಮ್ಮ ಉರುಫ್ ಸರೋಜಿನಿ ಎಂದು ಅಚ್ಚು ಹಾಕಿಸಿದ್ದಾನೆ.